ಮೋಡದಲ್ಲಿನ ಕಚೇರಿ: ಮೊದಲು ಕಲಿಯಬೇಕಾದ ಪಾಠಗಳು

ಬ್ಯಾಂಕುಗಳಿಗೆ ಗಣಕಯಂತ್ರ ಬರುವ ಮುನ್ನ ಪ್ರತಿಯೊಂದು ಶಾಖೆಯ ಕೌಂಟರಿನ ಹಿಂದೆ ಭಾರವಾದ ಲೆಡ್ಜರುಗಳಿರುತ್ತಿದ್ದವು. ಖಾತೆದಾರನೊಬ್ಬನಿಗೆ ಒಂದು ಪುಟ. ಹಣ ಕಟ್ಟಿದರೂ, ಹಿಂತೆಗೆದರೂ ಗುಮಾಸ್ತನು ಆ ಪುಟದಲ್ಲಿಯೇ ನಮೂದಿಸಬೇಕು. ಅಧಿಕಾರಿಯು ಪರಿಶೀಲಿಸಿ ಕಿರುಸಹಿ ಹಾಕಬೇಕು. ತಪ್ಪಾದಲ್ಲಿ ಅಳಿಸುವಂತಿರಲಿಲ್ಲ, ಗೆರೆಯೆಳೆದು, ಸರಿಯಾದುದನ್ನು ಬರೆದು, ಮತ್ತೆ ಸಹಿ ಮಾಡಬೇಕಾಗಿತ್ತು. ಯಾರ ಪ್ರಶ್ನೆಗಾದರೂ ಉತ್ತರ ಆ ಒಂದೇ ಪುಟದಲ್ಲಿರುತ್ತಿತ್ತು. ಆ ವ್ಯವಸ್ಥೆಯ ಬಲವೆಲ್ಲ ಒಂದು ಮಾತಿನಲ್ಲಿ ಅಡಗಿತ್ತು: ಪುಸ್ತಕ ಒಂದೇ.

1984ರಲ್ಲಿ ಡಾ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿಯು ವರದಿ ಸಲ್ಲಿಸಿದ ತರುವಾಯ ಶಾಖೆಗಳಿಗೆ ಲೆಡ್ಜರು ನಮೂದಿಸುವ ಯಂತ್ರಗಳು ಬಂದವು. ಕಾಲಕ್ರಮೇಣ ಎಲ್ಲ ಬಗೆಯ ಕಚೇರಿಗಳಲ್ಲಿಯೂ ಮೇಜಿಗೊಂದು ಗಣಕಯಂತ್ರ ಸ್ಥಾಪಿತವಾಯಿತು. ಕೆಲಸದ ವೇಗ ಹೆಚ್ಚಿತು. ಆದರೆ ‘ಪುಸ್ತಕ ಒಂದೇ’ ಎಂಬ ಹಳೆಯ ಶಿಸ್ತು ಸಡಿಲಗೊಂಡಿತು. ಖಾತೆಗಳ ಮಟ್ಟಿಗೆ ಬ್ಯಾಂಕುಗಳು ಕೋರ್ ಬ್ಯಾಂಕಿಂಗ್ ಪದ್ಧತಿಯಿಂದ ಮತ್ತೆ ಒಂದೇ ಪುಸ್ತಕಕ್ಕೆ ಮರಳಿದವು. ಆದರೆ ಪತ್ರಗಳು, ವರದಿಗಳು, ಅಂದಾಜು ಪಟ್ಟಿಗಳು, ಸದಸ್ಯರ ವಿಳಾಸಗಳು ಮೊದಲಾದುವು ಮೇಜಿಗೊಂದು ಪ್ರತಿಯಾಗಿ ಚದರಿಹೋದವು.

ಒಂದು ಸಂಘದ ಕೋಶಾಧಿಕಾರಿಯು ವಾರ್ಷಿಕ ಲೆಕ್ಕಪತ್ರವನ್ನು ಸಿದ್ಧಪಡಿಸಿ, ಕಾರ್ಯಕಾರಿ ಸಮಿತಿಯ ಐವರಿಗೆ ಇ-ಮೇಲ್ ಮೂಲಕ ಕಳುಹಿಸಿದರೆಂದು ಭಾವಿಸೋಣ. ಐವರೂ ತಮ್ಮ ತಮ್ಮ ಪ್ರತಿಯಲ್ಲಿ ತಿದ್ದುಪಡಿ ಮಾಡಿ ಹಿಂದಿರುಗಿಸುತ್ತಾರೆ. ಈಗ ಲೆಕ್ಕಪತ್ರಗಳು ಆರು. ಒಂದಕ್ಕೆ ‘ಅಂತಿಮ’ ಎಂದು ಹೆಸರು, ಇನ್ನೊಂದಕ್ಕೆ ‘ಅಂತಿಮ 2’, ಮತ್ತೊಂದಕ್ಕೆ ‘ನಿಜವಾದ ಅಂತಿಮ’. ಲೆಕ್ಕ ಪರಿಶೋಧಕರ ಕೈಗೆ ಹೋದುದು ಯಾವುದು, ವಾರ್ಷಿಕ ಮಹಾಸಭೆಯಲ್ಲಿ ಓದಿದುದು ಯಾವುದು ಎಂಬ ಬಗ್ಗೆ ಸಭೆಯಲ್ಲಿಯೇ ಚರ್ಚೆ ಆರಂಭವಾಗುತ್ತದೆ. ಇಲ್ಲಿ ಯಾರೂ ಅಪ್ರಾಮಾಣಿಕರಲ್ಲ; ಪುಸ್ತಕಗಳು ಆರಾದುದೇ ದೋಷ.

ಈಗ ಕಚೇರಿಗಳಲ್ಲೆಲ್ಲ ಬಳಕೆಯಲ್ಲಿರುವ ‘ಕ್ಲೌಡ್’ ಆಧಾರಿತ ಕಚೇರಿ ತಂತ್ರಾಂಶಗಳು ಈ ದೋಷಕ್ಕೆ ಪರಿಹಾರವಾಗಿ ಬಂದಿವೆ. ಹೆಸರು ಹೊಸದು, ಗುಂಡಿಗಳು ಹೊಸವು. ತತ್ತ್ವ ಮಾತ್ರ ಆ ಹಳೆಯ ಲೆಡ್ಜರಿನದೇ. ಇದನ್ನು ಮನಗಂಡವರಿಗೆ ಇವುಗಳ ಕಲಿಕೆ ಅರ್ಧದಷ್ಟು ಮುಗಿದಂತೆಯೇ ಸರಿ.

ಮೋಡ ಎಲ್ಲಿದೆ?

‘ಕ್ಲೌಡ್’ ಎಂಬ ಹೆಸರು ಅನೇಕರಲ್ಲಿ ಅಕಾರಣವಾದ ಗಾಬರಿಯನ್ನು ಹುಟ್ಟಿಸುತ್ತದೆ. ಕಾಗದಪತ್ರಗಳು ಆಕಾಶದಲ್ಲೇನೂ ತೇಲುವುದಿಲ್ಲ. ತಂತ್ರಜ್ಞರು ಸಂಪರ್ಕ ಜಾಲದ ನಕ್ಷೆಯನ್ನು ಬರೆಯುವಾಗ, ಒಳವಿವರ ಬೇಕಿಲ್ಲದ ಭಾಗವನ್ನು ಮೋಡದ ಆಕಾರದಿಂದ ಸೂಚಿಸುವ ರೂಢಿಯಿತ್ತು. ಆ ಗುರುತೇ ಹೆಸರಾಗಿ ಉಳಿಯಿತು. ವಾಸ್ತವದಲ್ಲಿ ಈ ಮೋಡ ನೆಲದ ಮೇಲೆಯೇ ಇದೆ. ಸಾವಿರಾರು ಗಣಕಯಂತ್ರಗಳನ್ನು ಸಾಲಾಗಿ ಜೋಡಿಸಿ, ಹಗಲಿರುಳು ವಿದ್ಯುತ್ತನ್ನೂ ತಂಪನ್ನೂ ಒದಗಿಸಿ, ಕಾವಲಿರಿಸಿದ ದೊಡ್ಡ ಕಟ್ಟಡಗಳೇ ಅದರ ನೆಲೆ. ಇವುಗಳಿಗೆ ದತ್ತಾಂಶ ಕೇಂದ್ರಗಳೆಂದು ಹೆಸರು. ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಪುಣೆ, ಚೆನ್ನೈ ಮತ್ತು ಮುಂಬಯಿಗಳಲ್ಲಿಯೂ, ಅಮೆಜಾನ್ 2016ರಲ್ಲಿ ಹಾಗೂ ಗೂಗಲ್ 2017ರಲ್ಲಿ ಮುಂಬಯಿಯಲ್ಲಿಯೂ ಇಂತಹ ಸೇವಾ ನೆಲೆಗಳನ್ನು ಆರಂಭಿಸಿದವು.

ಹಿಂದೆ ಎಷ್ಟೋ ಗಿರಣಿಗಳು ತಮ್ಮ ವಿದ್ಯುತ್ತನ್ನು ತಾವೇ ಉತ್ಪಾದಿಸಿಕೊಳ್ಳುತ್ತಿದ್ದವು. ಬಳಿಕ ಕಂಪನಿಯಿಂದ ತಂತಿ ಎಳೆಸಿಕೊಂಡು, ಮೀಟರಿನಂತೆ ಹಣ ಪಾವತಿ ಮಾಡತೊಡಗಿದವು. ಮೋಡದ ವ್ಯವಹಾರವೂ ಅಂಥದೇ. ತಂತ್ರಾಂಶವೂ ಕಡತಗಳೂ ದೂರದ ಕೇಂದ್ರದಲ್ಲಿರುತ್ತವೆ. ಮೇಜಿನ ಮೇಲಿನ ಯಂತ್ರ ಅಥವಾ ಕೈಯಲ್ಲಿನ ಮೊಬೈಲು ಅವುಗಳನ್ನು ಕಾಣುವ ಕಿಟಕಿ ಮಾತ್ರ. ಕಿಟಕಿ ಒಡೆದರೂ ಒಳಗಿನ ವಸ್ತು ಉಳಿಯುತ್ತದೆ.

ಈ ಬೆಳವಣಿಗೆ ಒಂದೇ ದಿನದಲ್ಲಿ ಆದುದಲ್ಲ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬ ಇಬ್ಬರು ಅಮೆರಿಕನ್ನರು ರಚಿಸಿದ ‘ವಿಸಿಕ್ಯಾಲ್ಕ್’ ಎಂಬ ತಂತ್ರಾಂಶವು ಲೆಕ್ಕದ ಹಾಳೆಯನ್ನು ಮೊದಲ ಬಾರಿಗೆ ವೈಯಕ್ತಿಕ ಗಣಕಯಂತ್ರದ ಪರದೆಯ ಮೇಲೆ ತಂದಿತು. 2005ರಲ್ಲಿ ಚೆನ್ನೈ ಮೂಲದ, ಈಗ ಜೋಹೋ ಎಂದು ಹೆಸರಾಗಿರುವ ಸಂಸ್ಥೆಯು ಅಂತರಜಾಲದಲ್ಲಿಯೇ ಬರೆಯಬಹುದಾದ ‘ಜೋಹೋ ರೈಟರ್’ ಅನ್ನು ಹೊರತಂದಿತು. ಗೂಗಲ್ 2006ರಲ್ಲಿ ‘ರೈಟ್ಲಿ’ ಎಂಬ ತಂತ್ರಾಂಶವನ್ನು ಕೊಂಡು, ಅದೇ ವರ್ಷ ಬರಹದ ಹಾಳೆ ಹಾಗೂ ಲೆಕ್ಕದ ಹಾಳೆಗಳ ಸೇವೆಯನ್ನು ಆರಂಭಿಸಿತು. ಆ ಬಳಗಕ್ಕೆ 2020ರಿಂದ ‘ಗೂಗಲ್ ವರ್ಕ್‌ಸ್ಪೇಸ್’ ಎಂದು ಹೆಸರು. ಮೈಕ್ರೋಸಾಫ್ಟ್ 2011ರಲ್ಲಿ ‘ಆಫೀಸ್ 365’ನ್ನು ಪ್ರಾರಂಭಿಸಿತು. ಇಂದು ಭಾರತದ ಕಚೇರಿಗಳಲ್ಲಿ ಕಾಣಸಿಗುವ ಮೋಡದ ಕಚೇರಿ ತಂತ್ರಾಂಶ ಬಹುತೇಕ ಈ ಮೂರರಲ್ಲಿ ಒಂದಾಗಿರುತ್ತದೆ. ಒಂದನ್ನು ಚೆನ್ನಾಗಿ ಕಲಿತವರಿಗೆ ಉಳಿದೆರಡು ಕಷ್ಟವಾಗವು.

ಪೆಟ್ಟಿಗೆಯಲ್ಲಿನ ಸಲಕರಣೆಗಳು

ಈ ತಂತ್ರಾಂಶಗಳಲ್ಲಿ ಅನೇಕ ಸಲಕರಣೆಗಳಿದ್ದರೂ ಮೊದಲಿಗೆ ಬೇಕಾದವು ಐದೇ. ಪತ್ರ, ವರದಿ, ಸಭೆಯ ನಡಾವಳಿಗಳಿಗೆ ಬರಹದ ಹಾಳೆ. ಲೆಕ್ಕ ಹಾಗೂ ಪಟ್ಟಿಗಳಿಗೆ ಅಡ್ಡಸಾಲು, ಕಂಬಸಾಲುಗಳುಳ್ಳ ಲೆಕ್ಕದ ಹಾಳೆ. ಜನರಿಂದ ವಿವರ ಸಂಗ್ರಹಿಸಲು ಫಾರಂ. ಅದರಲ್ಲಿ ತುಂಬಿದ ಉತ್ತರಗಳನ್ನು ಲೆಕ್ಕದ ಹಾಳೆಯೊಂದಕ್ಕೆ ಜೋಡಿಸಿದರೆ, ಒಂದೊಂದು ಉತ್ತರವೂ ತಾನಾಗಿಯೇ ಅಲ್ಲಿ ಒಂದೊಂದು ಸಾಲಾಗಿ ಸೇರುತ್ತದೆ. ಸಭೆ, ಸಮಾರಂಭಗಳ ದಿನಾಂಕಗಳಿಗೆ ಕ್ಯಾಲೆಂಡರು. ಇವೆಲ್ಲವನ್ನೂ ಜೋಡಿಸಿಡಲು ಬೀರುವಿನಂತಹ ‘ಡ್ರೈವ್’. ಬೀರುವಿನಲ್ಲಿ ಖಾನೆಗಳಿರುವಂತೆ ಅದರಲ್ಲಿ ಫೋಲ್ಡರುಗಳಿರುತ್ತವೆ. 2020ರ ಮಾರ್ಚಿನಲ್ಲಿ ದೇಶವ್ಯಾಪಿ ಲಾಕ್‌ಡೌನ್ ಘೋಷಣೆಯಾದ ಮೇಲೆ ಪರದೆಯ ಮೇಲೆ ಸಭೆ ನಡೆಸುವ ಸೌಕರ್ಯವೂ ಮನೆಮಾತಾಯಿತು.

ಕಡತಗಳಿಗೆ ಹೆಸರಿಡುವುದನ್ನು ಕ್ಷುಲ್ಲಕವೆಂದು ಭಾವಿಸಲಾಗದು. ‘ಹೊಸದು’, ‘ಪತ್ರ’ ಎಂಬ ಹೆಸರುಗಳಿಂದ ಆರು ತಿಂಗಳ ನಂತರ ಏನೂ ಸಿಗದು. ವರ್ಷ, ತಿಂಗಳು, ವಿಷಯ ಎಂಬ ಕ್ರಮದಲ್ಲಿ ‘2025-10 ರಾಜ್ಯೋತ್ಸವ ಖರ್ಚು’ ಎಂದು ಹೆಸರಿಟ್ಟರೆ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ.

ಮೊದಲ ಪಾಠ: ಪ್ರತಿಯನ್ನಲ್ಲ, ಕೊಂಡಿಯನ್ನು ಕಳುಹಿಸುವುದು

ಹಳೆಯ ರೂಢಿಯಲ್ಲಿ ಕಡತವನ್ನು ಇ-ಮೇಲಿಗೆ ಲಗತ್ತಿಸಿ ಕಳುಹಿಸಲಾಗುತ್ತಿತ್ತು. ಹೀಗೆ ಕಳುಹಿಸಿದಾಗಲೆಲ್ಲ ಹೊಸದೊಂದು ಪ್ರತಿ ಹುಟ್ಟುತ್ತದೆ. ಹೊಸ ಪದ್ಧತಿಯಲ್ಲಿ ಕಡತವು ತನ್ನ ಸ್ಥಾನದಲ್ಲಿಯೇ ಇರುತ್ತದೆ. ಅಲ್ಲಿಗೆ ಹೋಗುವ ದಾರಿಯನ್ನು, ಎಂದರೆ ಲಿಂಕ್ ಅಥವಾ ಕೊಂಡಿಯನ್ನು ಮಾತ್ರ ಕಳುಹಿಸಲಾಗುತ್ತದೆ. ಐವರು ಸದಸ್ಯರೂ ಅದೇ ಲೆಕ್ಕಪತ್ರಕ್ಕೆ ಬರುತ್ತಾರೆ. ಒಬ್ಬರು ತಿದ್ದಿದುದು ಮರುಕ್ಷಣವೇ ಉಳಿದ ನಾಲ್ವರ ಕಣ್ಣಿಗೆ ಬೀಳುತ್ತದೆ. ಮಾಟುಂಗಾದಲ್ಲಿರುವ ಅಧ್ಯಕ್ಷರೂ ಡೊಂಬಿವಲಿಯಲ್ಲಿರುವ ಕಾರ್ಯದರ್ಶಿಗಳೂ ಒಂದೇ ಮೇಜಿನ ಮುಂದೆ ಕುಳಿತಂತೆ ಕೆಲಸ ಮಾಡಬಹುದು. ಗೂಗಲ್‌ನ ಬರಹದ ಹಾಳೆಯೊಂದನ್ನು ಏಕಕಾಲದಲ್ಲಿ ನೂರು ಮಂದಿ ತೆರೆದು ತಿದ್ದಲು ಅವಕಾಶವಿದೆ. ಆದರೆ ನಾಲ್ಕೈದು ಮಂದಿಗಿಂತ ಹೆಚ್ಚು ಜನ ತಿದ್ದುವ ಬರಹ ನೆಟ್ಟಗಾಗುವುದು ಅಪರೂಪವೆಂಬುದು ಬೇರೆ ಮಾತು.

ಈ ತಂತ್ರಾಂಶಗಳಲ್ಲಿ ಬರೆದುದು ಬರೆದಂತೆಯೇ ತಾನಾಗಿ ಉಳಿಯುತ್ತದೆ. ವಿದ್ಯುತ್ತು ಕಡಿದುಹೋದಾಗ ಮೂರು ಗಂಟೆಗಳ ಶ್ರಮ ಮಣ್ಣುಪಾಲಾದ ಅನುಭವ ಹಳಬರಿಗೆಲ್ಲ ಉಂಟು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯ ಕಾಟ ಇಲ್ಲಿ ಬಹುಮಟ್ಟಿಗೆ ತಪ್ಪಿದೆ.

ಎರಡನೆಯ ಪಾಠ: ಅಧಿಕಾರದ ಹಂತಗಳು

ಲೆಡ್ಜರನ್ನು ನೋಡುವವರೆಲ್ಲ ಅದರಲ್ಲಿ ಬರೆಯುವಂತಿರಲಿಲ್ಲ. ಅಂತೆಯೇ ಇಲ್ಲಿಯೂ ಮೂರು ಹಂತಗಳ ಅಧಿಕಾರವಿದೆ. ಮೊದಲನೆಯದು ನೋಡುವುದು ಮಾತ್ರ. ಎರಡನೆಯದು ಮೂಲವನ್ನು ಮುಟ್ಟದೆ ಬದಿಯಲ್ಲಿ ಟಿಪ್ಪಣಿ ಬರೆಯುವುದು. ಮೂರನೆಯದು ತಿದ್ದುವುದು. ಕಡತವನ್ನು ಹಂಚುವ ಮುನ್ನ, ‘ಇವರಿಗೆ ಇದರಲ್ಲಿ ಯಾವ ಕೆಲಸವಿದೆ?’ ಎಂದು ಕೇಳಿಕೊಂಡು, ಅಷ್ಟೇ ಅಧಿಕಾರವನ್ನು ಕೊಡುವುದು ಸರಿಯಾದ ಕ್ರಮ. ಲೆಕ್ಕ ಪರಿಶೋಧಕರಿಗೆ ಟಿಪ್ಪಣಿಯ ಅಧಿಕಾರ ಸಾಕು; ಸಾಮಾನ್ಯ ಸದಸ್ಯರಿಗೆ ನೋಡುವ ಅಧಿಕಾರ ಸಾಕು; ತಿದ್ದುವ ಅಧಿಕಾರ ಕೋಶಾಧಿಕಾರಿ ಮತ್ತು ಕಾರ್ಯದರ್ಶಿಗಳಿಗೆ ಮೀಸಲಾಗಿರಲಿ.

ಇಲ್ಲಿ ಒಂದು ಅಪಾಯವನ್ನು ವಿಶೇಷವಾಗಿ ಗಮನಿಸಬೇಕು. ‘ಕೊಂಡಿ ಇರುವ ಯಾರು ಬೇಕಾದರೂ’ ಎಂಬ ಆಯ್ಕೆಯನ್ನು ಒತ್ತಿದಲ್ಲಿ, ಆ ಕೊಂಡಿ ಯಾರ ಕೈಸೇರಿದರೂ ಅವರಿಗೆ ಬಾಗಿಲು ತೆರೆಯುತ್ತದೆ. ಸದಸ್ಯರ ಹೆಸರು, ಮನೆಯ ವಿಳಾಸ, ದೂರವಾಣಿ ಸಂಖ್ಯೆಗಳ ಪಟ್ಟಿ ಹೀಗೆ ವಾಟ್ಸ್‌ಆ್ಯಪ್ ಬಳಗದಿಂದ ಬಳಗಕ್ಕೆ ಹಾರಿದರೆ, ಹಿರಿಯ ನಾಗರಿಕರನ್ನು ಫೋನಿನಲ್ಲಿ ವಂಚಿಸುವವರಿಗೆ ಸಿದ್ಧ ಸಾಮಗ್ರಿ ದೊರೆತಂತಾಗುತ್ತದೆ. ವ್ಯಕ್ತಿಗಳ ವಿವರಗಳ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಅಂಗೀಕರಿಸಿದೆ. ಇಂತಹ ಪಟ್ಟಿಯನ್ನು ಹೆಸರು ಹಿಡಿದು, ಇಂಥವರಿಗೇ ಎಂದು ಹಂಚಬೇಕು. ಹುದ್ದೆ ಬಿಟ್ಟವರ ಅಧಿಕಾರವನ್ನು ಅಂದೇ ಹಿಂತೆಗೆದುಕೊಳ್ಳಬೇಕು.

ಮೂರನೆಯ ಪಾಠ: ಕಿರುಸಹಿ

ಪುಸ್ತಕ ಒಂದೇ ಆದರೆ, ಒಬ್ಬರು ಕೈತಪ್ಪಿ ಅಳಿಸಿದರೆ ಗತಿಯೇನು ಎಂಬ ಶಂಕೆ ಸಹಜ. ಇದಕ್ಕಾಗಿ ‘ವರ್ಷನ್ ಹಿಸ್ಟರಿ’ ಎಂಬ ಸೌಕರ್ಯವಿದೆ. ಯಾವ ದಿನ, ಯಾವ ಗಂಟೆಗೆ, ಯಾರ ಖಾತೆಯಿಂದ ಯಾವ ಬದಲಾವಣೆಯಾಯಿತು ಎಂಬುದು ಅದರಲ್ಲಿ ದಾಖಲಾಗಿರುತ್ತದೆ. ಬೇಕೆಂದರೆ ನಿನ್ನೆಯ ಸ್ಥಿತಿಗೆ ಮರಳಬಹುದು. ಲೆಡ್ಜರಿನ ಗೆರೆ ಹಾಗೂ ಕಿರುಸಹಿಗಳ ಕೆಲಸವನ್ನು ಇದು ಮೌನವಾಗಿ ನೆರವೇರಿಸುತ್ತದೆ. ಹೊಸದಾಗಿ ಕಲಿಯುವವರು ಹೆದರದೆ ಕೈಹಚ್ಚಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ಭರವಸೆ ಬೇರಿಲ್ಲ.

ಆದರೆ ಈ ದಾಖಲೆಗೆ ಒಂದು ಮಿತಿಯಿದೆ. ಅದು ಖಾತೆಯ ಹೆಸರನ್ನು ಬರೆದಿಡುತ್ತದೆಯೇ ಹೊರತು, ಕೀಲಿಮಣೆಯ ಮುಂದೆ ಕುಳಿತವರ ಮುಖವನ್ನಲ್ಲ. ಕಚೇರಿಗಳಲ್ಲಿ ಕಂಡುಬರುವ ಒಂದು ಅಭ್ಯಾಸದ ವಿಚಾರವನ್ನು ಇಲ್ಲಿಯೇ ಹೇಳಬೇಕಾಗಿದೆ. ಐವತ್ತು ದಾಟಿದ ಅಧಿಕಾರಿಯು ಹೊಸ ತಂತ್ರಾಂಶದ ಮುಂದೆ ತಡವರಿಸುತ್ತಾರೆ. ಪಕ್ಕದ ಮೇಜಿನ ಕಿರಿಯನು ಗೌರವದಿಂದಲೇ, ‘ಸರ್, ಕೊಡಿ, ನಾನೇ ಮಾಡಿಬಿಡುತ್ತೇನೆ’ ಎನ್ನುತ್ತಾನೆ. ಮೊದಲ ದಿನ ಕುರ್ಚಿ ಬಿಟ್ಟುಕೊಟ್ಟವರು ಎರಡನೆಯ ತಿಂಗಳಿಗೆ ಪಾಸ್‌ವರ್ಡನ್ನೇ ಚೀಟಿಯಲ್ಲಿ ಬರೆದು ಕೊಡುತ್ತಾರೆ. ಅಂದಿನಿಂದ ಅವರ ಹೆಸರಿನಲ್ಲಿ ನಡೆಯುವ ಎಲ್ಲ ಕೆಲಸಕ್ಕೂ ಹೊಣೆ ಅವರದು, ತಿಳಿವಳಿಕೆ ಮಾತ್ರ ಇನ್ನೊಬ್ಬರದು. ಕಿರಿಯನ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಬರೆಯದ ಚೆಕ್ಕಿಗೆ ಸಹಿ ಮಾಡಿ ಕೊಡುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಕಲಿಯಲು ನಾಚುವುದರಿಂದ ತೆರಬೇಕಾದ ಬೆಲೆ ಇದು.

ಲೆಕ್ಕದ ಹಾಳೆಯ ಎರಡು ಸೂಕ್ಷ್ಮಗಳು

ಲೆಕ್ಕದ ಹಾಳೆಯಲ್ಲಿ ಕಂಬಸಾಲುಗಳಿಗೆ ಅಕ್ಷರಗಳೂ ಅಡ್ಡಸಾಲುಗಳಿಗೆ ಅಂಕಿಗಳೂ ಹೆಸರಾಗಿರುತ್ತವೆ. ಅರವತ್ತು ಸದಸ್ಯರ ಚಂದಾವನ್ನು ‘ಸಿ’ ಕಂಬಸಾಲಿನ 2ರಿಂದ 61ರವರೆಗಿನ ಮನೆಗಳಲ್ಲಿ ಬರೆದು, ಕೆಳಗಿನ ಮನೆಯಲ್ಲಿ ಸಮಚಿಹ್ನೆಯನ್ನು ಹಾಕಿ, ‘ಸಮ್’ ಎಂಬ ಸೂತ್ರಕ್ಕೆ ಆ ವ್ಯಾಪ್ತಿಯನ್ನು ತೋರಿಸಿದರೆ ಮೊತ್ತ ಬರುತ್ತದೆ. ತಲಾ 500 ರೂಪಾಯಿಯಂತೆ ಅದು 30,000 ಆಗಬೇಕು. ಮೇಲಿನ ಅಂಕಿ ಬದಲಾದಾಗ ಮೊತ್ತವೂ ತಾನಾಗಿ ಬದಲಾಗುತ್ತದೆ. ಆದ್ದರಿಂದ ಮೊತ್ತವನ್ನು ಕೈಯಾರೆ ಬರೆಯಬಾರದು.

ಆದರೆ ಯಾರಾದರೂ ಒಂದು ಮನೆಯಲ್ಲಿ 500 ಎಂಬ ಅಂಕಿಯ ಬದಲು ‘500 ರೂ.’ ಎಂದು ಬರೆದರೆ ಯಂತ್ರಕ್ಕೆ ಅದು ಅಂಕಿಯಲ್ಲ, ಪದ. ಅದನ್ನು ಬಿಟ್ಟು ಕೂಡಿಸಿ 29,500 ಎಂದು ತೋರಿಸುತ್ತದೆ. ತಪ್ಪಾಯಿತೆಂಬ ಸೂಚನೆಯನ್ನೂ ಕೊಡುವುದಿಲ್ಲ. ಯಂತ್ರದ ಮೊತ್ತವೆಂದು ಕಣ್ಣುಮುಚ್ಚಿ ನಂಬದೆ, ಸದಸ್ಯರ ಸಂಖ್ಯೆಯೊಡನೆ ತಾಳೆ ನೋಡುವ ಹಳೆಯ ಗುಮಾಸ್ತರ ಪದ್ಧತಿ ಇಲ್ಲಿಯೂ ಸಲ್ಲುತ್ತದೆ. ಎರಡನೆಯ ಸೂಕ್ಷ್ಮವೆಂದರೆ, ಒಂದು ಮನೆಯಲ್ಲಿ ಒಂದೇ ವಿಷಯವಿರಬೇಕು. ಹೆಸರು, ಊರು, ದೂರವಾಣಿ ಸಂಖ್ಯೆಗಳನ್ನು ಒಂದೇ ಮನೆಯಲ್ಲಿ ತುರುಕಿದರೆ, ಊರಿಗನುಗುಣವಾಗಿ ವಿಂಗಡಿಸುವುದು ಅಸಾಧ್ಯವಾಗುತ್ತದೆ.

ಕನ್ನಡದಲ್ಲಿ ಬರೆಯುವುದು

ಸಂಘದ ಸ್ಮರಣ ಸಂಚಿಕೆಗಾಗಿ ಲೇಖನ ತರಿಸಿಕೊಳ್ಳುವ ಸಂಪಾದಕರಿಗೆ ಒಂದು ತೊಂದರೆ ಚಿರಪರಿಚಿತ. ಕನ್ನಡದಲ್ಲಿ ಬರೆದು ಕಳುಹಿಸಿದ ಲೇಖನವನ್ನು ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಇದರ ಕಾರಣ ಸರಳವಾಗಿದೆ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ರೂಪವನ್ನು ತೊಡಿಸುತ್ತಿದ್ದವು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೊಡುಗೆ ಕಳಚಿಬೀಳುತ್ತದೆ.

1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆತಿದೆ. ಮೋಡದ ಹಾಳೆಗಳಲ್ಲಿ ಯೂನಿಕೋಡ್ ಕನ್ನಡವನ್ನೇ ಬಳಸಬೇಕು. ನುಡಿ ಮತ್ತು ಬರಹಗಳಲ್ಲಿಯೂ ಯೂನಿಕೋಡ್ ಆಯ್ಕೆ ಉಂಟು. ಹಳೆಯ ಬರಹಗಳನ್ನು ಪರಿವರ್ತಿಸುವ ಸಾಧನಗಳೂ ಇವೆ. ಟೈಪು ಮಾಡಲು ಕಷ್ಟಪಡುವ ಹಿರಿಯರು ಮೊಬೈಲಿನ ಕೀಲಿಮಣೆಯಲ್ಲಿ ಮೈಕಿನ ಗುರುತನ್ನು ಒತ್ತಿ ಕನ್ನಡದಲ್ಲಿ ಮಾತನಾಡಿದರೆ ಅಕ್ಷರಗಳು ಮೂಡುತ್ತವೆ. ಗೂಗಲ್‌ನ ಕೀಲಿಮಣೆಗೆ ಈ ಸೌಲಭ್ಯ 2017ರಲ್ಲಿ ಬಂದಿತು. ಮೂಡಿದುದನ್ನು ಒಮ್ಮೆ ಓದಿ ತಿದ್ದುವುದು ಮಾತ್ರ ಅಗತ್ಯ.

ತಿಜೋರಿಗೆ ಎರಡು ಕೀಲಿಗಳು

ಬ್ಯಾಂಕಿನ ಭದ್ರಕೋಣೆಯನ್ನು ಒಬ್ಬರೇ ತೆರೆಯುವಂತಿಲ್ಲ. ಎರಡು ಕೀಲಿಗಳು ಇಬ್ಬರ ವಶದಲ್ಲಿರುತ್ತವೆ. ಮೋಡದ ಖಾತೆಗೂ ಇಂತಹ ವ್ಯವಸ್ಥೆಯಿದೆ. ಮೊದಲ ಕೀಲಿ ಪಾಸ್‌ವರ್ಡ್. ಎರಡನೆಯದು ಮೊಬೈಲಿಗೆ ಬರುವ ಸಂಕೇತ ಅಥವಾ ಅನುಮತಿಯ ಕೋರಿಕೆ. ಎರಡು ಹಂತಗಳ ಪರಿಶೀಲನೆ ಎಂಬ ಈ ವ್ಯವಸ್ಥೆಯನ್ನು ಮೊದಲ ದಿನವೇ ಚಾಲನೆಗೆ ತರಬೇಕು. ಪಾಸ್‌ವರ್ಡ್ ಕದ್ದವನಿಗೂ ಆಗ ಬಾಗಿಲು ಸುಲಭವಾಗಿ ತೆರೆಯದು. ಆ ಸಂಕೇತವನ್ನು ಯಾರೇ ಕೇಳಿದರೂ, ಯಾವ ನೆಪದಿಂದ ಕೇಳಿದರೂ ಹೇಳಬಾರದು.

ಮೊಬೈಲು ಕಳೆದುಹೋದಲ್ಲಿ ಮಾಡುವುದೇನು? ಶಾಖೆಯ ಕೀಲಿಗಳ ಜೋಡಿ ಪ್ರತಿಯನ್ನು ಅರಗಿನ ಮುದ್ರೆಯೊತ್ತಿದ ಲಕೋಟೆಯಲ್ಲಿ ಬೇರೊಂದು ಶಾಖೆಯಲ್ಲಿ ಇರಿಸುವ ಕ್ರಮ ಬ್ಯಾಂಕುಗಳಲ್ಲಿದೆ. ಅದರಂತೆ ಗೂಗಲ್ ಖಾತೆಗೆ ಎಂಟು ಅಂಕಿಗಳ ಹತ್ತು ಮೀಸಲು ಸಂಕೇತಗಳನ್ನು ಪಡೆದು, ಅಚ್ಚುಮಾಡಿ, ಭದ್ರವಾಗಿ ಬೀರುವಿನಲ್ಲಿಡಬಹುದು. ಇದಲ್ಲದೆ, ಅಪರಿಚಿತರಿಂದ ‘ನಿಮ್ಮೊಡನೆ ಒಂದು ಕಡತ ಹಂಚಲಾಗಿದೆ’ ಎಂದು ಬರುವ ಇ-ಮೇಲಿನ ಕೊಂಡಿಯನ್ನು ಒತ್ತುವ ಮುನ್ನ ಕಳುಹಿಸಿದವರ ವಿಳಾಸವನ್ನು ಅಕ್ಷರಶಃ ಓದಬೇಕು. ನೌಕರಿಯಲ್ಲಿರುವವರು, ಕಚೇರಿಯ ಕಾಗದಪತ್ರಗಳನ್ನು ಸ್ವಂತ ಖಾತೆಗೆ, ಮನೆಯಲ್ಲಿ ಮುಗಿಸುವ ಸದುದ್ದೇಶದಿಂದಲೂ, ಸಾಗಿಸಬಾರದು. ಅವು ಅವರ ಸ್ವತ್ತಲ್ಲ.

ಮೋಡದ ಮಿತಿಗಳು

ಯಾವ ಸಾಧನವೂ ಸರ್ವಶಕ್ತವಲ್ಲ. ಅಂತರಜಾಲವಿಲ್ಲದಲ್ಲಿ ಮೋಡ ದೂರವಾಗುತ್ತದೆ. ಪ್ರಯಾಣದಲ್ಲಿ ಬೇಕಾಗುವ ಕಡತಗಳನ್ನು ‘ಆಫ್‌ಲೈನ್’ ಆಗಿ ಮೊದಲೇ ಇಳಿಸಿಟ್ಟುಕೊಳ್ಳಬೇಕು. ಗೂಗಲ್‌ನ ಉಚಿತ ಖಾತೆಯಲ್ಲಿ ಸಾಮಾನ್ಯವಾಗಿ ದೊರೆಯುವ 15 ಜಿ.ಬಿ. ಸ್ಥಳವನ್ನು ಇ-ಮೇಲ್, ಛಾಯಾಚಿತ್ರ, ಕಡತಗಳೆಲ್ಲವೂ ಹಂಚಿಕೊಳ್ಳುತ್ತವೆ. ಗೂಗಲ್ ಡ್ರೈವಿನ ಕಸದ ಬುಟ್ಟಿಗೆ ಹಾಕಿದುದು 30 ದಿನಗಳ ನಂತರ ಶಾಶ್ವತವಾಗಿ ಅಳಿದುಹೋಗುತ್ತದೆ. ಎರಡು ವರ್ಷಗಳ ಕಾಲ ಬಳಸದ ವೈಯಕ್ತಿಕ ಖಾತೆಯನ್ನು ಅಳಿಸುವ ಹಕ್ಕನ್ನು ಗೂಗಲ್ 2023ರ ನಿಯಮದ ಮೂಲಕ ಕಾಯ್ದಿರಿಸಿಕೊಂಡಿದೆ. ಆದ್ದರಿಂದ ವರ್ಷಕ್ಕೊಮ್ಮೆ, ಲೆಕ್ಕಪತ್ರ ಮುಕ್ತಾಯವಾಗುವ ಮಾರ್ಚ್ 31ರ ಸುಮಾರಿಗೆ, ಮುಖ್ಯ ಕಡತಗಳ ಪ್ರತಿಯನ್ನು ಇಳಿಸಿ ಬೇರೊಂದು ಡಿಸ್ಕಿನಲ್ಲಿ ಇರಿಸುವುದು ಲೇಸು. ದಿನನಿತ್ಯದ ಕೆಲಸಕ್ಕೆ ಪುಸ್ತಕ ಒಂದೇ ಇರಬೇಕು. ಆಪತ್ಕಾಲಕ್ಕೆ ನಕಲೂ ಇರಬೇಕು.

ಆರೋಗ್ಯದ ದೃಷ್ಟಿಯಿಂದ ಒಂದು ಮಾತು. ಮೊಬೈಲಿನ ಮೂಲಕ ಕಚೇರಿಯು ಜೇಬಿನಲ್ಲಿ ಕುಳಿತು ಮನೆಗೂ ಬರುತ್ತದೆ. ರಾತ್ರಿ ಹತ್ತು ಗಂಟೆಗೆ ಗಂಟೆ ಬಾರಿಸುವ ಸೂಚನೆಗಳನ್ನು ನಿಲ್ಲಿಸಲು ಎಲ್ಲ ತಂತ್ರಾಂಶಗಳಲ್ಲಿಯೂ ಅವಕಾಶವಿದೆ. ರಾತ್ರಿ ಬರೆದ ಇ-ಮೇಲನ್ನು ಬೆಳಗ್ಗೆ ತಲಪುವಂತೆ ಸಮಯ ನಿಗದಿಗೊಳಿಸಿ, ಇತರರ ನಿದ್ರೆಯನ್ನೂ ಉಳಿಸಬಹುದು. ಪರದೆಯ ಮುಂದೆ ದುಡಿಯುವವರು ಇಪ್ಪತ್ತು ನಿಮಿಷಗಳಿಗೊಮ್ಮೆ, ಇಪ್ಪತ್ತು ಅಡಿ ದೂರದ ವಸ್ತುವನ್ನು, ಇಪ್ಪತ್ತು ಸೆಕೆಂಡು ನೋಡಬೇಕೆಂದು ನೇತ್ರತಜ್ಞರು ಸಲಹೆ ನೀಡುತ್ತಾರೆ.

ಅಧಿಕಾರ ಹಸ್ತಾಂತರ

ಕಟ್ಟಕಡೆಯ ಹಾಗೂ ಅತ್ಯಂತ ಮುಖ್ಯವಾದ ಪಾಠ ಇದು. ಅನೇಕ ಸಂಘಗಳಲ್ಲಿ ಉತ್ಸಾಹಿ ಕಾರ್ಯದರ್ಶಿಯೊಬ್ಬರು ಸದಸ್ಯರ ಪಟ್ಟಿ, ಹಳೆಯ ಸಮಾರಂಭಗಳ ಛಾಯಾಚಿತ್ರ, ನಡಾವಳಿ ಎಲ್ಲವನ್ನೂ ತಮ್ಮ ಸ್ವಂತ ಖಾತೆಯಲ್ಲಿ ಜತನದಿಂದ ಇಟ್ಟಿರುತ್ತಾರೆ. ಅವರು ಇರುವಷ್ಟು ದಿನ ಎಲ್ಲವೂ ಸುಸೂತ್ರ. ಒಂದು ದಿನ ಅವರು ಹಠಾತ್ತಾಗಿ ತೀರಿಕೊಂಡರೆ? ಶೋಕದಲ್ಲಿರುವ ಮನೆಯವರಿಗೆ ಪಾಸ್‌ವರ್ಡ್ ತಿಳಿದಿರುವುದಿಲ್ಲ. ಹದಿಮೂರನೆಯ ದಿನ ಕಳೆಯುವ ಮುನ್ನ ಅದನ್ನು ಕೇಳಲು ಸಂಘದವರಿಗೂ ಬಾಯಿ ಬಾರದು. ಹಲವು ವರ್ಷಗಳ ದುಡಿಮೆ, ಇದ್ದೂ ಇಲ್ಲದಂತೆ, ಬೀಗದ ಒಳಗೆ ಉಳಿಯುತ್ತದೆ. ಖಾತೆಯ ಒಡೆತನವು ವ್ಯಕ್ತಿಯದಾಗಿರುವಾಗ, ವ್ಯಕ್ತಿಯೊಡನೆಯೇ ಸಂಸ್ಥೆಯ ನೆನಪೂ ಹೋಗುತ್ತದೆ.

ಪರಿಹಾರ ಕಷ್ಟದ್ದಲ್ಲ. ಸಂಘದ ಕೆಲಸಕ್ಕೆ ಸಂಘದ ಹೆಸರಿನ ಖಾತೆಯೇ ಇರಬೇಕು. ಅದರ ಪಾಸ್‌ವರ್ಡ್ ಮತ್ತು ಮೀಸಲು ಸಂಕೇತಗಳು ಮುದ್ರೆಯೊತ್ತಿದ ಲಕೋಟೆಯಲ್ಲಿ ಸಂಘದ ಬೀರುವಿನಲ್ಲಿರಬೇಕು. ಇಬ್ಬರು ಪದಾಧಿಕಾರಿಗಳಿಗೆ ಅದರ ತಿಳಿವಳಿಕೆ ಇರಬೇಕು. ಹೊಸ ಸಮಿತಿ ಬಂದಾಗ ನಗದು ಪುಸ್ತಕ, ರಸೀದಿ ಪುಸ್ತಕ, ಮೊಹರುಗಳೊಡನೆ ಈ ಖಾತೆಯನ್ನೂ ಪಟ್ಟಿಯಲ್ಲಿ ಬರೆದು, ಸಹಿ ಪಡೆದು ವಹಿಸಿಕೊಡಬೇಕು. ಪಾಸ್‌ವರ್ಡನ್ನೂ ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆಯನ್ನೂ ಅದೇ ದಿನ ಬದಲಿಸಬೇಕು. ಅರ್ಹ ನೋಂದಾಯಿತ ಸೇವಾ ಸಂಸ್ಥೆಗಳಿಗೆ, ನಿಯಮಗಳಿಗೊಳಪಟ್ಟು, ಗೂಗಲ್ ಸಂಸ್ಥೆಯು ವರ್ಕ್‌ಸ್ಪೇಸನ್ನು ಉಚಿತವಾಗಿಯೂ ಒದಗಿಸುತ್ತದೆ. ಅದರಲ್ಲಿನ ‘ಷೇರ್ಡ್ ಡ್ರೈವ್’ನಲ್ಲಿಟ್ಟ ಕಡತಗಳ ಒಡೆತನ ವ್ಯಕ್ತಿಗಲ್ಲ, ಸಂಸ್ಥೆಗೇ ಸೇರಿರುತ್ತದೆ.

ಕುಟುಂಬಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬ್ಯಾಂಕಿನ ಠೇವಣಿಗೆ ನಾಮನಿರ್ದೇಶನ ಮಾಡುವಂತೆ, ಗೂಗಲ್ ಖಾತೆಗೂ ಒಂದು ಏರ್ಪಾಡು 2013ರಿಂದ ಇದೆ. ಖಾತೆಯು 3ರಿಂದ 18 ತಿಂಗಳೊಳಗಿನ ನಿಗದಿತ ಅವಧಿಯಲ್ಲಿ ಬಳಕೆಯಾಗದಿದ್ದರೆ, ಮೊದಲೇ ಸೂಚಿಸಿದ ಹತ್ತು ಮಂದಿಯವರೆಗಿನ ಆಪ್ತರಿಗೆ ಆಯ್ದ ವಿವರಗಳು ತಲಪುತ್ತವೆ. ವಿಮಾ ಪತ್ರ, ಮನೆಯ ಕರಾರು ಪತ್ರಗಳ ಪ್ರತಿಗಳನ್ನು ಮೋಡದಲ್ಲಿಟ್ಟಿರುವ ಗೃಹಸ್ಥರು ಈ ಕೆಲಸಕ್ಕಾಗಿ ಒಂದು ಸಂಜೆಯನ್ನು ಮೀಸಲಿಡುವುದು ಒಳ್ಳೆಯದು.

ಕಲಿಯುವ ಬಗೆ

ಇವೆಲ್ಲವನ್ನೂ ಒಂದೇ ವಾರದಲ್ಲಿ ಕಲಿಯಬೇಕಾಗಿಲ್ಲ. ಮೊದಲ ವಾರ ಮನೆಯ ಖರ್ಚಿನ ಲೆಕ್ಕದ ಹಾಳೆಯೊಂದನ್ನು ತೆರೆದು ದಿನವೂ ಬರೆಯಬೇಕು. ಎರಡನೆಯ ವಾರ ಅದನ್ನು ಮನೆಯ ಇನ್ನೊಬ್ಬರೊಡನೆ ಹಂಚಿಕೊಂಡು, ಮೂರೂ ಹಂತಗಳ ಅಧಿಕಾರವನ್ನು ಬದಲಾಯಿಸಿ ನೋಡಬೇಕು. ಮೂರನೆಯ ವಾರ ಬೇಕೆಂದೇ ಒಂದು ಸಾಲನ್ನು ಅಳಿಸಿ, ಹಿಂದಿನ ಸ್ಥಿತಿಗೆ ಮರಳಿಸಬೇಕು. ನಾಲ್ಕನೆಯ ವಾರ ಖಾತೆಗೆ ಎರಡನೆಯ ಕೀಲಿಯನ್ನು ಅಳವಡಿಸಬೇಕು. ಸಹಾಯಕ್ಕೆ ಬಂದ ಕಿರಿಯರಿಗೆ ಕುರ್ಚಿಯನ್ನು ಬಿಟ್ಟುಕೊಡದೆ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮ ಕೈಯಿಂದಲೇ ಗುಂಡಿ ಒತ್ತಬೇಕು. ಹಾಡುತ್ತ ಹಾಡುತ್ತ ರಾಗ ಎಂಬುದು ಇಲ್ಲಿಯೂ ನಿಜ.

ಮುಂಬಯಿಗೆ ಬಂದ ಕನ್ನಡಿಗರಿಗೆ ತಡವಾಗಿ ಕಲಿಯುವುದು ಹೊಸದಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತವರ ಪರಂಪರೆ ಈ ನಗರದಲ್ಲಿದೆ. ಅವರಲ್ಲಿ ಅನೇಕರು ಮುಂದೆ ಗುಮಾಸ್ತರಾದರು, ಅಧಿಕಾರಿಗಳಾದರು, ಸಂಘಗಳನ್ನು ಕಟ್ಟಿದರು. ತಮಗಿಂತ ಕಿರಿಯ ಮಾಸ್ತರರ ಮುಂದೆ ಸ್ಲೇಟು ಹಿಡಿದು ಕೂರಲು ಅವರು ನಾಚಲಿಲ್ಲ. ಇಂದು ಸಂಘದ ಕಟ್ಟಡಗಳಲ್ಲಿ ಭಾನುವಾರ ಮಧ್ಯಾಹ್ನ ಖಾಲಿ ಉಳಿಯುವ ಕೋಣೆಗಳಲ್ಲಿ, ಕಿರಿಯರು ಹಿರಿಯರಿಗೆ ಈ ಪಾಠಗಳನ್ನು ಹೇಳಿಕೊಡುವ ಏರ್ಪಾಡಾದರೆ, ಆ ರಾತ್ರಿ ಶಾಲೆಗಳ ದೀಪ ಮತ್ತೊಮ್ಮೆ ಉರಿದಂತಾಗುತ್ತದೆ. ಸಂಘದ ಪುಸ್ತಕವೂ ಒಂದೇ ಆಗಿ, ಭದ್ರವಾಗಿ, ಮುಂದಿನ ಸಮಿತಿಯ ಕೈಸೇರುತ್ತದೆ.